ಹೈಪರ್‌ವೈಸರ್ ಲಾಗ್: ‘ಉಂಟು’ ಅಂದದ್ದು ಯಾರು?

ನಾನು ಬರೆಯುತ್ತಿರುವ ಹೈಪರ್‌ವೈಸರ್‌ಗೆ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ) ಎರಡು ವಾರ ಕಾಡಿದ ಪೀಡೆ ನಿನ್ನೆ ರಾತ್ರಿ ಬಿಟ್ಟಿತು. ಗೆಸ್ಟ್, ಅಂದರೆ ಆ ಒಳಗಿನ ಕಂಪ್ಯೂಟರ್, ಬೂಟ್ ಆಗ್ತದೆ, ನಾಲ್ಕು ಸಾಲು ಪ್ರಿಂಟ್ ಮಾಡ್ತದೆ, ಎಕ್ಸೆಪ್ಶನ್ (ಪ್ರೊಸೆಸರ್ ಎತ್ತುವ ತಕರಾರು) 6 ಬಂದು ಮಗುಚಿ ಬೀಳ್ತದೆ. 6 ಅಂದರೆ ಪ್ರೊಸೆಸರ್ ಒಪ್ಪದ ಇನ್‌ಸ್ಟ್ರಕ್ಷನ್. ಬಿದ್ದ ಜಾಗದ ಬೈಟುಗಳನ್ನು ತೆಗೆದು ನೋಡಿದೆ: 0ಎಫ್ 01 ಎಫ್9. ಆರ್‌ಡಿಟಿಎಸ್‌ಸಿಪಿ, ಪ್ರೊಸೆಸರ್‌ನ ಟೈಮ್ ಕೌಂಟರ್ ಓದುವ ಇನ್‌ಸ್ಟ್ರಕ್ಷನ್! ಹೋಸ್ಟ್‌ನಲ್ಲಿ, ಅಂದರೆ ಹೊರಗಿನ ನಿಜ ಮೆಷಿನ್‌ನಲ್ಲಿ, ಅದು ಸಲೀಸಾಗಿ ಓಡ್ತದೆ, ಪ್ರೊಸೆಸರ್‌ನಲ್ಲಿ ಏನೇನು ಉಂಟು ಅಂತ ಹೇಳುವ ಸಿಪಿಯುಐಡಿ ಕೇಳಿದರೂ ‘ಉಂಟು’ ಅಂತದೆ. ಮತ್ತೆಂತ ರೋಗ ಮಾರಾಯ್ರೆ?

ರೋಗ ನನ್ನದೇ. ಇಂಟೆಲ್‌ನ ವಿಎಂಎಕ್ಸ್‌ನಲ್ಲಿ (ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ) ಗೆಸ್ಟ್ ಸಿಪಿಯುಐಡಿ ಕೇಳಿದಾಗಲೆಲ್ಲ ಎಕ್ಸಿಟ್ (ಗೆಸ್ಟ್ ನಿಂತು ಹೈಪರ್‌ವೈಸರ್ ಕೈಗೆ ಬರುವುದು) ಆಗಿಯೇ ಆಗ್ತದೆ, ಉತ್ತರ ಕೊಡುವುದು ನನ್ನ ಕೋಡ್. ನಾನು ಹೋಸ್ಟ್ ಹೇಳಿದ್ದನ್ನು ಹಾಗೇ ದಾಟಿಸಿದ್ದೆ. ಆದರೆ ಗೆಸ್ಟ್‌ಗೆ ಏನೇನು ಬಿಡಬೇಕೆಂದು ಹೇಳುವ ವಿಎಂಎಕ್ಸ್ ಸೆಟ್ಟಿಂಗ್, ಸೆಕೆಂಡರಿ ಕಂಟ್ರೋಲ್‌ನ 3ನೇ ಬಿಟ್ ಹಾಕದಿದ್ದರೆ ಗೆಸ್ಟ್ ಒಳಗೆ ಆ ಇನ್‌ಸ್ಟ್ರಕ್ಷನ್ ನಡೆಯುವುದಿಲ್ಲ. ಆಗ ಎಕ್ಸಿಟ್ ಕೂಡ ಬರುವುದಿಲ್ಲ, ಎಕ್ಸೆಪ್ಶನ್ ನೇರ ಗೆಸ್ಟ್ ತಲೆಗೆ. ನನ್ನ ಲಾಗ್‌ಗೆ ಸುದ್ದಿಯೇ ಇಲ್ಲ! ಇನ್‌ವಿಪಿಸಿಐಡಿಗೆ 12ನೇ ಬಿಟ್, ಎಕ್ಸ್‌ಸೇವ್ಸ್‌ಗೆ 20ನೇ ಬಿಟ್, ಆ ಇನ್‌ಸ್ಟ್ರಕ್ಷನ್‌ಗಳದ್ದೂ ಇದೇ ಕಥೆ.

ಈಗ ಚೆಕ್ ಎಲ್ಲ ಒಂದೇ ಕಡೆ ಮಾಡಿದ್ದೇನೆ. ಮೊದಲು ಎಂಎಸ್‌ಆರ್ (ಪ್ರೊಸೆಸರ್ ಒಳಗಿನ ವಿಶೇಷ ರಿಜಿಸ್ಟರ್) 0x482ರ ಮೇಲರ್ಧದಲ್ಲಿ 31ನೇ ಬಿಟ್, ಅಂದರೆ ಸೆಕೆಂಡರಿ ಕಂಟ್ರೋಲ್ ಉಂಟಾ ಅಂತ, ನೋಡುವುದು. ಅದಿದ್ದರೆ ಮಾತ್ರ ಸೆಕೆಂಡರಿ ಬಿಟ್‌ಗಳ ಪಟ್ಟಿ ಇರುವ 0x48ಬಿ ಓದುವುದು, ಇಲ್ಲದ ಎಂಎಸ್‌ಆರ್ ಓದಲು ಹೋದರೆ ಹೋಸ್ಟೇ ಮಲಗ್ತದೆ. ಕೆಳಗಿನ 32 ಬಿಟ್ ‘ಹಾಕಲೇಬೇಕು’, ಮೇಲಿನ 32 ‘ಹಾಕಬಹುದು’. ಕೊನೆಗೆ ಯಾವ ಬಿಟ್ ನಿಜವಾಗಿ ಹಾಕಿದೆವೋ ಅದನ್ನೊಂದು ಸ್ಟ್ರಕ್ಟ್‌ನಲ್ಲಿ ಇಟ್ಟು, ಗೆಸ್ಟ್‌ಗೆ ಸಿಪಿಯುಐಡಿ ಉತ್ತರ ಅಲ್ಲಿಂದಲೇ. ಹೋಸ್ಟ್ ‘ಉಂಟು’ ಅಂದರೆ ಸಾಲದು.

ಇಷ್ಟಾದ ಮೇಲೆ ಬೇರೆ ಮೆಷಿನ್‌ನಲ್ಲಿ ಓಡಿಸದೆ ಸಮಾಧಾನ ಇಲ್ಲ. ಇವತ್ತು ಪೆನ್‌ಡ್ರೈವ್ ಹಿಡಿದು ಮಂಗಳೂರಿಂದ ಎಕ್ಸ್‌ಪ್ರೆಸ್ ಬಸ್ ಹತ್ತಿ ಉಡುಪಿಯ ಭಾವನ ಮನೆಗೆ. ಉಪ್ಪುಗಾಳಿಗೆ ಸ್ಕ್ರೂ ಎಲ್ಲ ತುಕ್ಕು ಹಿಡಿದ ಹಳೇ ಲ್ಯಾಪ್‌ಟಾಪ್. ಸಿಪಿಯುಐಡಿಯಲ್ಲಿ ವಿಎಂಎಕ್ಸ್ ಬಿಟ್ ಇದೆ, ಆದರೆ ವಿಎಂಎಕ್ಸ್ ಶುರು ಮಾಡುವ ವಿಎಂಎಕ್ಸ್‌ಆನ್ ಇನ್‌ಸ್ಟ್ರಕ್ಷನ್ ಓಡಿಸಿದ ಕೂಡಲೇ ಎಕ್ಸೆಪ್ಶನ್ 13, ಅಂದರೆ ‘ಅನುಮತಿ ಇಲ್ಲ’ ಎಂಬಂಥ ತಕರಾರು. “ಎಂತ ಭಾವ, ನನ್ನ ಲ್ಯಾಪ್‌ಟಾಪ್ ಹಾಳು ಮಾಡಿದಿರಾ?” ಅಂತ ಭಾವ ಒಳಗಿಂದ ಕೇಳಿದರು. ವಿಎಂಎಕ್ಸ್‌ಗೆ ಅನುಮತಿ ಉಂಟಾ ಅಂತ ಹೇಳುವ ಎಂಎಸ್‌ಆರ್ 0x3ಎ ಓದಿದೆ: 1. ಲಾಕ್ ಬಿದ್ದಿದೆ, ಅನುಮತಿಯ 2ನೇ ಬಿಟ್ ಖಾಲಿ. ಲಾಕ್ ಆದ ಮೇಲೆ ಬರೆಯಲಿಕ್ಕೂ ಆಗುವುದಿಲ್ಲ. ಬಯೋಸ್‌ಗೆ ಹೋಗಿ ವರ್ಚುವಲೈಸೇಶನ್ ಆನ್ ಮಾಡಿ, ಪೂರ್ತಿ ಆಫ್ ಮಾಡಿ ಮತ್ತೆ ಹಾಕಿದಾಗ 5 (ಲಾಕ್ ಜೊತೆ 2ನೇ ಬಿಟ್ ಕೂಡ) ಬಂತು, ಗೆಸ್ಟ್ ಎದ್ದು ಕೂತಿತು. ಈ ಚೆಕ್ ನನ್ನ ಕೋಡ್‌ನಲ್ಲಿ ಇರಲೇ ಇಲ್ಲ. ಭಾವನ ಮನೆಯ ಚಾವಡಿಯಲ್ಲೇ ಕೂತು ಸೇರಿಸಿದೆ, ‘ಬಯೋಸ್‌ನಲ್ಲಿ ಆಫ್ ಉಂಟು’ ಎಂಬ ಮೆಸೇಜ್ ಸಮೇತ.

ಎಎಂಡಿ ಕಡೆ ಇನ್ನೂ ಮುಟ್ಟಿಲ್ಲ. ಅಲ್ಲಿ ವಿಎಂಎಕ್ಸ್ ಬದಲು ಇರುವ ಎಸ್‌ವಿಎಂನ ಬಿಟ್ ನೋಡುವುದೇ ಬೇರೆ ಜಾಗದಲ್ಲಿ. ಮೊದಲು ಎಎಂಡಿ ಮೆಷಿನ್ ಇರುವ ನೆಂಟರನ್ನು ಹುಡುಕಬೇಕು.