‘ಸರ್ಚ್’ ಅನ್ನೋ ಐಡಿ ಯಾವ ಆರ್ಡರ್‌ದು?

ಯಾರೋ ಅರ್ಧಕ್ಕೆ ಬಿಟ್ಟುಹೋದ ರೈಲ್ಸ್ (ವೆಬ್ ಆ್ಯಪ್ ಕಟ್ಟೋಕೆ ಬಳಸೋ ಫ್ರೇಮ್‌ವರ್ಕ್) ಪ್ರಾಜೆಕ್ಟ್ ಒಂದು ನನ್ನ ಕೈಗೆ ಬಂತು. ಕೆಲಸ ಇಷ್ಟೇ: ಆರ್ಡರ್‌ಗಳನ್ನು ಹುಡುಕೋ ಪುಟ ಸರಿಮಾಡಬೇಕು, ಹಳೆಯ ಆರ್ಡರ್‌ಗಳನ್ನು ಆರ್ಕೈವ್ ಮಾಡೋಕೆ ಒಂದು ಬಟನ್ ಕೊಡಬೇಕು. ಬಂದ ಕೋರಿಕೆಗಳನ್ನು ನಿಭಾಯಿಸೋ ಕಂಟ್ರೋಲರ್‌ನಲ್ಲಿ ಸರ್ಚ್ ಅನ್ನೋ ಆಕ್ಷನ್ (ಅಂದರೆ ಆ ಕೆಲಸದ ಕೋಡ್) ಇತ್ತು, ಪುಟ ತೋರಿಸೋ ವ್ಯೂ ಇತ್ತು, ಯಾವ ವಿಳಾಸ ಯಾವ ಆಕ್ಷನ್‌ಗೆ ಅಂತ ಹೇಳೋ ರೂಟ್ ಕೂಡ ಇತ್ತು. ಪುಟ ತೆಗೆದರೆ ಮಾತ್ರ ಎರರ್. ‘ಸರ್ಚ್’ ಅನ್ನೋ ಐಡಿಯ ಆರ್ಡರ್ ಸಿಗಲಿಲ್ಲವಂತೆ!

ನಗು ಬಂತು. ರೂಟ್ಸ್ ಫೈಲ್‌ನಲ್ಲಿ ಮೇಲೆ ‘ರಿಸೋರ್ಸಸ್ ಆರ್ಡರ್ಸ್’ ಅನ್ನೋ ಸಾಲು, ಅದರ ಕೆಳಗೆ ಬೇರೆಯಾಗಿ ಸರ್ಚ್ ಸಾಲು. ರೈಲ್ಸ್ ಈ ಫೈಲನ್ನು ಮೇಲಿಂದ ಕೆಳಗೆ ನೋಡುತ್ತದೆ, ಹೊಂದುವ ಮೊದಲ ಸಾಲು ಸಿಕ್ಕಿದರೆ ಮುಗೀತು. ರಿಸೋರ್ಸಸ್ ಅಂತ ಬರೆದರೆ ಇಂಡೆಕ್ಸ್, ಶೋ, ನ್ಯೂ, ಕ್ರಿಯೇಟ್, ಎಡಿಟ್, ಅಪ್‌ಡೇಟ್, ಡೆಸ್ಟ್ರಾಯ್ ಅಂತ 7 ಆಕ್ಷನ್‌ಗಳಿಗೆ ರೂಟ್ ತಯಾರಾಗುತ್ತದೆ. ಅದರಲ್ಲಿ ಶೋ ಇದೆಯಲ್ಲ, ಅದು ‘ಆರ್ಡರ್ಸ್ ಸ್ಲ್ಯಾಶ್’ ಆದಮೇಲೆ 45 ಬಂದರೂ, ಸರ್ಚ್ ಬಂದರೂ ಐಡಿ ಅಂತಲೇ ಹಿಡಿದುಕೊಳ್ಳುತ್ತದೆ. ಪಾಪ, ಕೆಳಗಿನ ಸಾಲಿಗೆ ಸರದಿಯೇ ಬರುವುದಿಲ್ಲ.

ಸಾಲನ್ನು ಮೇಲಕ್ಕೆ ಸರಿಸಿದರೂ ನಡೆಯುತ್ತದೆ. ಆದರೆ ನಾಳೆ ಯಾರಾದರೂ ಫೈಲನ್ನು ಅಕ್ಷರಕ್ರಮದಲ್ಲಿ ಜೋಡಿಸಿದರೆ ಮತ್ತೆ ಅದೇ ಕಥೆ, ಅಲ್ವಾ? ಅದಕ್ಕೇ ರಿಸೋರ್ಸಸ್ ಬ್ಲಾಕ್ ಒಳಗೆ ಕಲೆಕ್ಷನ್ (ಇಡೀ ಪಟ್ಟಿಗೆ ಸೇರಿದ್ದು) ಅಂತ ಹಾಕಿ ಸರ್ಚ್ ಬರೆದೆ. ಒಳಗೆ ಬರೆದಿದ್ದನ್ನು ರೈಲ್ಸ್ ಆ 7 ಆಕ್ಷನ್‌ಗಳಿಗಿಂತ ಮೊದಲು ಸೇರಿಸಿಕೊಳ್ಳುತ್ತದೆ. ‘ರೈಲ್ಸ್ ರೂಟ್ಸ್’ ಕಮಾಂಡ್ ಓಡಿಸಿ ರೂಟ್‌ಗಳ ಪಟ್ಟಿ ನೋಡಿದೆ, ಸರ್ಚ್ ಈಗ ಶೋಗಿಂತ ಮೇಲಿತ್ತು. ಇದಕ್ಕೆ ಬೇರೆ ಕಂಟ್ರೋಲರ್ ಮಾಡಬಹುದು ಅನ್ನುವವರೂ ಇದ್ದಾರೆ. ಸುಮ್ನೆ ಪಟ್ಟಿ ತೋರಿಸೋ ಕೆಲಸಕ್ಕೆ ಅಷ್ಟೆಲ್ಲ ಯಾಕೆ?

ಆರ್ಕೈವ್‌ಗೆ ಜಾಸ್ತಿ ಹೊತ್ತು ಹಿಡಿಯಿತು. ಅದು ಒಂದು ನಿರ್ದಿಷ್ಟ ಆರ್ಡರ್‌ನ ಮೇಲೆ ನಡೆಯುವ ಕೆಲಸ, ಹಾಗಾಗಿ ಕಲೆಕ್ಷನ್ ಅಲ್ಲ, ಮೆಂಬರ್. ಗೆಟ್ (ಲಿಂಕ್ ತೆರೆದಾಗ ಹೋಗೋ ಸಾಮಾನ್ಯ ಕೋರಿಕೆ) ಇಡೋ ಹಾಗಿಲ್ಲ, ತಾನೇ ಪುಟಗಳನ್ನು ತೆರೆಯುತ್ತಾ ಹೋಗೋ ಯಾವುದೋ ಕ್ರಾಲರ್ ಪ್ರೋಗ್ರಾಂ ಲಿಂಕ್ ಹಿಡಿದು ಹೋದರೂ, ಬ್ರೌಸರ್ ಅದನ್ನು ಮೊದಲೇ ಲೋಡ್ ಮಾಡಿಕೊಂಡರೂ ಆರ್ಡರ್ ಆರ್ಕೈವ್ ಆಗಿ ಕೂರುತ್ತದೆ. ಹಾಗಾಗಿ, ಇರುವುದನ್ನು ಬದಲಿಸೋಕೆ ಬಳಸೋ ಕೋರಿಕೆ ಪ್ಯಾಚ್ ಅಂತ ಬರೆದೆ. ಅಷ್ಟರಲ್ಲಿ ವಾಪಸ್ ತರೋಕೂ ಬಟನ್ ಬೇಕು ಅಂದರು. ಆಮೇಲೆ ಯಾರು ಮಾಡಿದರು, ಯಾಕೆ ಮಾಡಿದರು ಅನ್ನೋದೂ ದಾಖಲಾಗಬೇಕಂತೆ.

ಅಲ್ಲಿಗೆ ಕೈ ನಿಂತಿತು. ಹೆಚ್ಚುವರಿ ಆಕ್ಷನ್‌ಗಳು ಬೆಳೆಯುತ್ತಿದ್ದರೆ ಒಳಗೆ ಇನ್ನೊಂದು ರಿಸೋರ್ಸ್ (ಆರ್ಡರ್ ತರಹ ತನ್ನದೇ ಆಕ್ಷನ್‌ಗಳಿರೋ ವಸ್ತು) ಅಡಗಿದೆಯಾ ನೋಡಿ ಅಂತ ರೈಲ್ಸ್ ಗೈಡ್‌ನಲ್ಲೇ ಇದೆ. ಇಲ್ಲಿ ಅಡಗಿತ್ತು. ಆರ್ಡರ್ಸ್ ಬ್ಲಾಕ್ ಒಳಗೆ ‘ರಿಸೋರ್ಸ್ ಆರ್ಕೈವ್’ ಅಂತ ಏಕವಚನದಲ್ಲಿ ಹಾಕಿದೆ. ನ್ಯೂ ಅಂದರೆ ಕಾರಣ ಕೇಳೋ ಫಾರ್ಮ್, ಕ್ರಿಯೇಟ್ ಅಂದರೆ ಆರ್ಕೈವ್ ಮಾಡೋದು, ಡೆಸ್ಟ್ರಾಯ್ ಅಂದರೆ ವಾಪಸ್ ತರೋದು. ಡೆಸ್ಟ್ರಾಯ್ ಅಂದ ಮಾತ್ರಕ್ಕೆ ಟೇಬಲ್‌ನಿಂದ ಸಾಲು ಅಳಿಸಲೇಬೇಕು ಅಂತೇನಿಲ್ಲ, ವಾಪಸ್ ತಂದ ತಾರೀಕು ಹಾಕಿಟ್ಟರೆ ಹಳೇ ದಾಖಲೆ ಉಳಿಯುತ್ತದೆ. ಆರ್ಡರ್ಸ್ ಕಂಟ್ರೋಲರ್‌ಗೆ ಒಂದು ಸಾಲೂ ಸೇರಲಿಲ್ಲ.

ಹೀಗೆ ಮಾಡುವವರು ಎರಡು ವಿಷಯ ನೋಡಿಕೊಳ್ಳಿ. ರೂಟ್ ಏಕವಚನದಲ್ಲಿದ್ದರೂ ರೈಲ್ಸ್ ಹುಡುಕೋದು ಬಹುವಚನದ ಆರ್ಕೈವ್ಸ್ ಕಂಟ್ರೋಲರ್ ಅನ್ನೇ. ಮತ್ತೆ ಪ್ಯಾರಾಮ್ಸ್‌ನಲ್ಲಿ (ಕೋರಿಕೆಯ ಜೊತೆ ಬರೋ ಮಾಹಿತಿಯಲ್ಲಿ) ಐಡಿ ಬರುವುದಿಲ್ಲ, ಆರ್ಡರ್ ಐಡಿ ಬರುತ್ತದೆ.