ದಿದಿಯ ಲೆಕ್ಕದಲ್ಲಿ ಎರಡು ಮಕ್ಕಳು ಜಾಸ್ತಿ

ಮೊನ್ನೆ ಬೆಳಿಗ್ಗೆ ತಿಂಡಿ ಮುಗಿಸಿ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದೆ. ನಮ್ಮೂರಿನ ಆಶಾ ಕಾರ್ಯಕರ್ತೆ ಬಂದು ಮೆಟ್ಟಿಲ ಹತ್ತಿರ ನಿಂತರು.

"ಸಿಸ್ಟರ್, ಕೆಳಗಿನ ತೋಟದ ಶೆಡ್ಡಿಗೆ ಹೋಗಬೇಕಿತ್ತು. ಕೊನೆ ಕೊಯ್ಲಿಗೆ ಹಾವೇರಿ ಕಡೆಯವರು ಬಂದಿದಾರೆ. ಮಕ್ಕಳು ನಾಲ್ಕೋ ಐದೋ ಇದಾವೆ. ನಾಳೆ ಅಂಗನವಾಡೀಲಿ ಇಂಜೆಕ್ಷನ್ ದಿನ. ನಾನೊಬ್ಬಳೇ ಹೋದ್ರೆ ಮಾತೇ ಆಡಲ್ಲ ಅವರು. ನೀವೂ ಬರ್ತೀರಾ?"

ನಾನು ತೀರ್ಥಹಳ್ಳಿ ಕಡೆಯವಳು. ನರ್ಸ್ ಆಗಿ 34 ವರ್ಷ ಕೆಲಸ ಮಾಡಿ 2016ರಲ್ಲಿ ನಿವೃತ್ತಿಯಾದವಳು. ಈಗ ಮಂಡಿ ನೋವು. ಆದರೂ ಕೈ ತೊಳೆದುಕೊಂಡು ಹೊರಟೆ. ಕಾಲುಸಂಕ ದಾಟುವಾಗ ಆಕೆ ಮುಂದೆ, ನಾನು ಹಿಂದೆ. ಹೆಗಲಿಗೆ ಚೀಲ, ಕಂಕುಳಲ್ಲಿ ರಿಜಿಸ್ಟರ್. ಆ ಬೆನ್ನನ್ನು ನೋಡುತ್ತಾ ನಡೆಯುವಾಗ ನನಗೆ ನೇಪಾಳದ ದಿದಿ ನೆನಪಾದರು. ನೆನಪಾದರು ಅನ್ನೋದಕ್ಕಿಂತ, ಅವರ ಹಿಂದೆಯೇ ನಡೆಯುತ್ತಿದ್ದೇನೆ ಅನಿಸಿತು.

ನಿವೃತ್ತಿಯಾದ ವರ್ಷವೇ ಒಂದು ಸ್ವಯಂಸೇವಾ ತಂಡದ ಜೊತೆ ನೇಪಾಳಕ್ಕೆ ಹೋಗಿದ್ದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ, ಎರಡು ತಿಂಗಳು. ಕಠ್ಮಂಡುವಿನ ಈಶಾನ್ಯಕ್ಕೆ ಸಿಂಧುಪಾಲ್ಚೋಕ್ ಅಂತ ಒಂದು ಜಿಲ್ಲೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಆ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ಸತ್ತ ಜಿಲ್ಲೆ ಅದು, ಅಲ್ಲೊಂದರಲ್ಲೇ 3,000ಕ್ಕೂ ಮೇಲೆ. ನಾವು ಹೋಗುವ ಹೊತ್ತಿಗೆ ಒಂದು ವರ್ಷ ದಾಟಿತ್ತು. ಇನ್ನೂ ಎಷ್ಟೋ ಜನ ತಗಡಿನ ಮಾಡಿನ ಕೆಳಗೇ ಇದ್ದರು. ನಮ್ಮ ಕೆಲಸ ಅಲ್ಲಿನ ಹೆಲ್ತ್ ಪೋಸ್ಟಿನಲ್ಲಿ ಸಹಾಯ. ಬಿಪಿ ನೋಡುವುದು, ಗಾಯ ಕಟ್ಟುವುದು, ಬಸುರಿಯರ ತಪಾಸಣೆ, ಬರೆದಿಡುವುದು.

ಊರು ನೋಡಿ ನನಗೇನೂ ಹೊಸದು ಅನಿಸಲಿಲ್ಲ. ಗುಡ್ಡ, ಮಳೆ, ಜಾರುವ ದಾರಿ, ಮನೆಯಿಂದ ಮನೆಗೆ ಒಂದು ಕೂಗಳತೆ. ಇಂಬಳ ಕೂಡ ನಮ್ಮದೇ! ಅಲ್ಲಿ ಅದನ್ನು ಜುಕಾ ಅಂತಾರೆ. ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡು, ಕಚ್ಚಿದ ಕೂಡಲೇ ಒತ್ತುತ್ತಿದ್ದರು. ನಮ್ಮಜ್ಜಿ ಮಾಡುತ್ತಿದ್ದದ್ದೂ ಇದೇ. ಅವರ ಕೋದೋ ಹಿಟ್ಟಿನ ಢಿಡೋ ಉಂಡಾಗ ಗೊತ್ತಾಯಿತು, ಕೋದೋ ಅಂದರೆ ನಮ್ಮ ರಾಗಿ.

ದಿದಿ ಅಂದರೆ ಅಕ್ಕ. ಊರಿಗೆಲ್ಲ ಅವರು ದಿದಿ. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ ಅವರೊಬ್ಬ ಮಹಿಳಾ ಆರೋಗ್ಯ ಸ್ವಯಂಸೇವಕಿ. 1988ರಲ್ಲಿ ಶುರುವಾದ ವ್ಯವಸ್ಥೆ ಅದು. ಇಡೀ ನೇಪಾಳದಲ್ಲಿ ಇಂಥ ಹೆಂಗಸರು 50,000ದಷ್ಟು ಇದ್ದಾರೆ. ಊರಿನ ತಾಯಂದಿರ ಗುಂಪು ಸೇರಿ ಆರಿಸುತ್ತದೆ. ಸಂಬಳ ಇಲ್ಲ. ತರಬೇತಿ ದಿನಕ್ಕೆ ಒಂದಿಷ್ಟು ಭತ್ಯೆ, ಸೀರೆಗೆ ಒಂದಿಷ್ಟು ದುಡ್ಡು, ಅಷ್ಟೇ. ನಮ್ಮ ದಿದಿ ಶುರುವಿನಿಂದಲೂ ಇದ್ದವರು. ಓದು ಬರಹ ಅಷ್ಟಕ್ಕಷ್ಟೆ. ಅವರ ರಿಜಿಸ್ಟರಿನಲ್ಲಿ ಚಿತ್ರಗಳಿದ್ದವು. ಬಸುರಿಯ ಚಿತ್ರ, ಭೇದಿಯಾದ ಮಗುವಿನ ಚಿತ್ರ. ಅದರ ಕೆಳಗೆ ಗೆರೆ ಎಳೆಯುತ್ತಾ ಹೋಗುವುದು.

ಅಕ್ಟೋಬರಿನಲ್ಲಿ, ದಸರಾ ಮುಗಿದು ಒಂದು ವಾರಕ್ಕೆ, ವಿಟಮಿನ್ ಎ ಹಾಕುವ ದಿನ ಬಂತು. ವರ್ಷಕ್ಕೆ ಎರಡು ಸಲ, ಆರು ತಿಂಗಳಿಂದ ಐದು ವರ್ಷದೊಳಗಿನ ಎಲ್ಲಾ ಮಕ್ಕಳಿಗೂ. ನಮ್ಮಲ್ಲಿ ಬಾಟಲಿಯ ಸಿರಪ್ಪು ಚಮಚದಲ್ಲಿ ಕುಡಿಸುತ್ತೇವೆ. ಅಲ್ಲಿ ಪುಟ್ಟ ಕ್ಯಾಪ್ಸೂಲ್. ಅದರ ಮೂತಿಯನ್ನು ಕತ್ತರಿಯಲ್ಲಿ ಕತ್ತರಿಸಿ, ಎಣ್ಣೆಯನ್ನು ಬಾಯಿಗೆ ಹಿಂಡುತ್ತಾರೆ. ಜೊತೆಗೆ ಜಂತುಹುಳದ ಮಾತ್ರೆ. ಒಂದು ಚೌತಾರಿಯ ಮೇಲೆ ಚಾಪೆ ಹಾಸಿ ದಿದಿ ಕೂತಿದ್ದರು. ಚೌತಾರಿ ಅಂದರೆ ನಮ್ಮ ಅರಳಿಕಟ್ಟೆ.

ಮಧ್ಯಾಹ್ನದ ಹೊತ್ತಿಗೆ ನಮ್ಮ ತಂಡದ ಪಟ್ಟಿಯಲ್ಲಿದ್ದ 41 ಮಕ್ಕಳೂ ಮುಗಿದರು. ನಮ್ಮ ಹುಡುಗನೊಬ್ಬ ಕೊನೆಯ ಟಿಕ್ ಹಾಕಿ "ಪೂರ್ತಿ" ಅಂದ. ಎಲ್ಲರಿಗೂ ಖುಷಿ. ದಿದಿ ಬೆರಳು ಮಡಚಿ ಎಣಿಸಿದರು. "ನಲವತ್ಮೂರು" ಅಂದರು. ಪಟ್ಟಿ ತೋರಿಸಿದೆವು. ಅವರು ಪಟ್ಟಿ ನೋಡಲೇ ಇಲ್ಲ. ಮೇಲಿನ ಗುಡ್ಡದ ಕಡೆ ಕೈ ತೋರಿಸಿದರು. ಮನೆ ಬಿದ್ದ ಮೇಲೆ ಒಂದು ಸಂಸಾರ ಹಸು, ಆಡು ಕಟ್ಟಿಕೊಂಡು ಅಲ್ಲೇ ಗೋಠ್ ಹಾಕಿಕೊಂಡಿದೆಯಂತೆ. ಗೋಠ್ ಅಂದರೆ ದನದ ಕೊಟ್ಟಿಗೆ. ಸರ್ವೆ ಮಾಡಲು ಹೋದವರು ಅಷ್ಟು ಮೇಲೆ ಹತ್ತಿರಲಿಲ್ಲ.

ತಂಡದವರು ಸುಸ್ತಾಗಿದ್ದರು. ನಾಳೆ ನೋಡೋಣ ಅಂದರು. ತಪ್ಪಲ್ಲ, ಬೆಳಿಗ್ಗೆ ಐದಕ್ಕೆ ಎದ್ದವರು. ದಿದಿ ಮಾತ್ರ ಕತ್ತರಿಯನ್ನು ಸೆರಗಿಗೆ ಒರೆಸಿ, ಡಬ್ಬಿ ಕಟ್ಟಿಕೊಂಡು ಎದ್ದೇಬಿಟ್ಟರು. ನಾನು ಹಿಂದೆ ಹೋದೆ. ಎರಡು ಗಂಟೆ ಏರು. ನಾನು ನಿಂತಾಗೆಲ್ಲ ಅವರೂ ನಿಂತರು, ಒಂದು ಮಾತೂ ಆಡದೆ.

ಗೋಠಿನಲ್ಲಿ ಮೂರು ವರ್ಷದ ಒಂದು ಹುಡುಗಿ, ಅವಳ ಅಣ್ಣ. ಹುಡುಗಿ ನಮ್ಮನ್ನು ನೋಡಿದ್ದೇ ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು. ನಾನಾಗಿದ್ದರೆ ಗಲ್ಲ ಒತ್ತಿ ಹಾಕಿಬಿಡುತ್ತಿದ್ದೆ. ನಮ್ಮ ಕೈಗೆ ಅದೇ ರೂಢಿ. ದಿದಿ ಅವಳ ಕಡೆ ನೋಡಲೇ ಇಲ್ಲ. ಅಣ್ಣನನ್ನು ಎದುರು ಕೂರಿಸಿ, ತಾವೂ ಬಾಯಿ ಅಗಲ ಮಾಡಿ "ಆ..." ಅಂದರು. ಅವನೂ "ಆ..." ಅಂದ. ಅವನಿಗೆ ಹಾಕಿ ಆಗುವ ಹೊತ್ತಿಗೆ ತಂಗಿಯ ಬಾಯಿ ತಾನೇ ತೆರೆದುಕೊಂಡಿತ್ತು. ಕ್ಯಾಪ್ಸೂಲನ್ನು ಪೂರ್ತಿ ಹಿಂಡಿ, ಬೆರಳಿಗೆ ಅಂಟಿದ ಎಣ್ಣೆಯನ್ನೂ ಆ ಮಗುವಿನ ತುಟಿಯ ಒಳಗೇ ಸವರಿದರು.

ಇಳಿಯುವಾಗ ಹೊತ್ತು ಮುಳುಗುತ್ತಿತ್ತು. ದಿದಿ ತಮ್ಮ ಹರಕು ಹಿಂದಿಯಲ್ಲಿ ಹೇಳಿದರು. ತಾವು ಹೊಸದಾಗಿ ಮದುವೆಯಾಗಿ ಬಂದಾಗ ಈ ಹೊತ್ತಿಗೆ ಬಸುರಿಯರು, ಮಕ್ಕಳು ಹೊಸ್ತಿಲು ಎಡವಿ ಬೀಳುತ್ತಿದ್ದರಂತೆ. ಅದಕ್ಕೆ ಅಲ್ಲಿ ರತಂಧೋ ಅಂತಾರೆ, ನಮ್ಮ ಇರುಳುಗುರುಡು. "ಈಗ ಯಾರೂ ಎಡವಲ್ಲ" ಅಂದರು. ವಿಟಮಿನ್ ಎ ಕಣ್ಣಿಗೆ ಅಷ್ಟೇ ಅಲ್ಲ, ಜೀವಕ್ಕೂ ಬೇಕು. ಅದು ಕಡಿಮೆಯಾದರೆ ಮಗು ದಡಾರ, ಭೇದಿಯಂಥ ಕಾಯಿಲೆಗೆ ಬೇಗ ಸೋಲುತ್ತದೆ. ನೇಪಾಳದ್ದೇ ಸರ್ಲಾಹಿ ಜಿಲ್ಲೆಯಲ್ಲಿ ಮಾಡಿದ ಅಧ್ಯಯನದಲ್ಲಿ, ಕ್ಯಾಪ್ಸೂಲ್ ಹಾಕಿದ ಕಡೆ ಮಕ್ಕಳ ಸಾವು 30%ರಷ್ಟು ಕಡಿಮೆಯಾಗಿತ್ತು. ಅದಾದ ಮೇಲೆ 1993ರಿಂದ ಅಲ್ಲಿ ಈ ಕಾರ್ಯಕ್ರಮ ಶುರುವಾಯಿತು. ಈ ಅಂಕಿ ನನಗೆ ಮೊದಲೇ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ಆ ಅಂಕಿ ಗುಡ್ಡ ಹತ್ತಿ ಇಳಿಯುವುದು ಯಾರ ಕಾಲಿನಿಂದ ಅನ್ನೋದು ಅವತ್ತು ಗೊತ್ತಾಯಿತು.

ವಾಪಸ್ ಬಂದಾಗ ಊರಿನಲ್ಲಿ ನನಗೆ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆ ಮೇಲೆ ಕೂತು ನೋಡುತ್ತೇನೆ, ಕೆಳಗೆ ಕುರ್ಚಿ ಜೋಡಿಸುತ್ತಿದ್ದವರು ಇದೇ ನಮ್ಮ ಆಶಾ. ನಾನು ಎರಡು ತಿಂಗಳ ಸ್ವಯಂಸೇವಕಿ. ಸರ್ಕಾರದ ಕಾಗದದಲ್ಲಿ ಆಕೆಯೂ ಸ್ವಯಂಸೇವಕಿಯೇ, ನೌಕರಳಲ್ಲ. ಗೌರವಧನಕ್ಕಾಗಿ ವರ್ಷ ವರ್ಷ ಧರಣಿ ಕೂರಬೇಕು. ಅವತ್ತು ಆ ಶಾಲು ನನಗೆ ಬಹಳ ಭಾರ ಅನಿಸಿತು. ಇನ್ನೊಂದು ವಿಷಯವೂ ಚುಚ್ಚಿತು. 34 ವರ್ಷ ನಾನೂ ಪಟ್ಟಿಗೆ ಟಿಕ್ ಹಾಕಿದ್ದೆ. ಪಟ್ಟಿಯಲ್ಲಿ ಇಲ್ಲದವರು ಯಾರು ಅಂತ ಒಂದು ದಿನವೂ ಕೇಳಿರಲಿಲ್ಲ. ಪ್ರತಿ ವರ್ಷ ಕೊನೆ ಕೊಯ್ಲಿಗೆ ಜನ ಬರುತ್ತಿದ್ದರು, ಅವರ ಜೊತೆ ಮಕ್ಕಳೂ ಬರುತ್ತಿದ್ದವು. ನನ್ನ ಕಣ್ಣಿಗೆ ಬೀಳುತ್ತಿದ್ದವು, ರಿಜಿಸ್ಟರಿಗೆ ಬೀಳುತ್ತಿರಲಿಲ್ಲ.

ಮೊನ್ನೆ ಶೆಡ್ಡಿನಲ್ಲಿ ಐದು ಮಕ್ಕಳಿದ್ದವು. ಅಡಿಕೆ ಸುಲಿದು ಸುಲಿದು ತಾಯಂದಿರ ಬೆರಳು ಕಪ್ಪಾಗಿದ್ದವು. ಇಂಜೆಕ್ಷನ್ ಲೆಕ್ಕ ಬರೆಯುವ 'ತಾಯಿ ಕಾರ್ಡ್' ಒಂದು ಮಗುವಿನದು ಮಾತ್ರ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿದ್ದರು. ಉಳಿದವು ಊರಲ್ಲಿ.

"ನಾವು ಸಂಕ್ರಾಂತಿಗೆ ಹೊಳ್ಳಿ ಹೋಗ್ತೀವ್ರಿ ಯಕ್ಕಾ. ಆಮ್ಯಾಗಿಂದು ಎಲ್ಲಿ ಹಾಕಿಸೂದು?" ಒಬ್ಬ ತಾಯಿ ಕೇಳಿದಳು.

"ನಿಮ್ಮೂರ ಆಶಾ ಯಾರು, ಗೊತ್ತಾ?"

ಗೊತ್ತಿರಲಿಲ್ಲ. ನಮ್ಮ ಆಶಾ ರಿಜಿಸ್ಟರಿನ ಕೊನೆಯ ಖಾಲಿ ಹಾಳೆ ತೆಗೆದು, ಐದು ಹೆಸರನ್ನೂ ಊರಿನ ಹೆಸರನ್ನೂ ಬರೆದುಕೊಂಡರು. ನಾಳೆ ಹತ್ತು ಗಂಟೆಗೆ ತಾನೇ ಬಂದು ಕರೆದುಕೊಂಡು ಹೋಗುತ್ತೇನೆ, ತೋಟದ ಯಜಮಾನರಿಗೂ ಹೇಳುತ್ತೇನೆ ಅಂದರು. ವಾಪಸ್ ಬರುವಾಗ ಸಂಕದ ಹತ್ತಿರ ಸಿಗ್ನಲ್ ಸಿಕ್ಕಿತು. ಆಕೆ ಅಲ್ಲೇ ನಿಂತು ಫೋನ್ ಹಚ್ಚಿದರು. ತರಬೇತಿಯಲ್ಲಿ ಪರಿಚಯವಾದ ಯಾರನ್ನೋ ಹಿಡಿದು, ಅವರಿಂದ ಇನ್ಯಾರನ್ನೋ ಹಿಡಿದು, ಆ ಊರಿನ ಆಶಾ ನಂಬರ್ ಕೇಳುತ್ತಿದ್ದರು. ನಾನು ರಿಜಿಸ್ಟರ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.