ಮಾವನ ಕೈ, ನನ್ನ ಕೋಡು

2024 ಡಿಸೆಂಬರ್ 15, ಭಾನುವಾರ. ತಿಪಟೂರು.

ರೈಲು ಇಳಿದು ಆಟೊ ಹತ್ತುವಷ್ಟರಲ್ಲಿ ಮಾವನ ಫೋನು ಎರಡು ಸಲ ಬಂದಿತ್ತು. "ಎಲ್ಲಿದ್ದೀಯಪ್ಪಾ? ಕಂಪ್ಯೂಟರ್ ಆನ್ ಮಾಡಿ ಇಟ್ಟಿದ್ದೀನಿ." ತಿಂಡಿ ಆಯ್ತಾ ಅಂತ ಕೇಳಲಿಲ್ಲ. ಅದನ್ನು ಕೇಳಿದ್ದು ಅತ್ತೆ. ಅವರೆಕಾಳು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಮಾವನ ಪಕ್ಕ ಕುರ್ಚಿ ಎಳೆದುಕೊಂಡೆ.

ಮಾವ ಎಂದರೆ ಅಮ್ಮನ ಅಣ್ಣ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ರಿಟೈರ್ ಆದವರು, ಈಗ 74. ಬೇಸಾಯದ ಪದ ಕೂಡಿಹಾಕುವುದು ಅವರ ಹುಚ್ಚು. ನನಗೆ ನೇಗಿಲು ಎಂದರೆ ನೇಗಿಲು, ಅಷ್ಟೇ. ಅವರು ಮೇಳಿ, ಈಸು, ಗುಳ, ನೊಗ, ಮಿಣಿ ಅಂತ ಶುರು ಮಾಡಿದರೆ ಊಟದ ಹೊತ್ತಾದರೂ ಮುಗಿಯುವುದಿಲ್ಲ. 2004ರಲ್ಲಿ, ನಾನು ಕಾಲೇಜಿನಲ್ಲಿದ್ದಾಗ, ಈ ಪದಗಳಿಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಆ ಕಾಲದ ಒಂದು ವಿಶುವಲ್ ಎಡಿಟರ್‌ನಲ್ಲಿ. ವರ್ಡ್‌ನಲ್ಲಿ ಟೈಪ್ ಮಾಡಿದ ಹಾಗೆ ಟೈಪ್ ಮಾಡುವುದು, ಚಿತ್ರವನ್ನು ಮೌಸಿನಲ್ಲಿ ಎಳೆದು ಕೂರಿಸುವುದು. ಎಚ್‌ಟಿಎಂಎಲ್, ಅಂದರೆ ಪುಟದಲ್ಲಿ ಯಾವುದು ಏನು ಅಂತ ಬ್ರೌಸರ್‌ಗೆ ಹೇಳುವ ಟ್ಯಾಗುಗಳ ಬರಹ, ಹಿಂದುಗಡೆ ತಾನಾಗಿ ಹುಟ್ಟುತ್ತಿತ್ತು, ನಾನು ಇಣುಕಿಯೂ ನೋಡಿರಲಿಲ್ಲ.

ಆ ಸೈಟು ಹೇಗೋ ಇಪ್ಪತ್ತು ವರ್ಷ ತಳ್ಳಿತು. ಈಗ ಹೊಸದಾಗಿ ಕಟ್ಟಬೇಕು. ಕೈಯಲ್ಲೇ ಕೋಡ್ ಬರೆಯುವುದಾ, ಎಳೆದು ಕೂರಿಸುವ ಪೇಜ್ ಬಿಲ್ಡರ್ ಹಾಕುವುದಾ ಅನ್ನುವುದೇ ಪ್ರಶ್ನೆ. ಕೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ.

"ಕೋಡ್ ಬರೀತೀನಿ ಮಾವ, ಅದೇ ಸರಿ" ಅಂದೆ.

"ಕೋಡಾ? ನಿನಗಾಗಲೇ ಎರಡು ಮೂಡಿದಾವಲ್ಲಪ್ಪಾ" ಅಂದರು.

ಹಳೇ ಫೈಲು ತೆರೆದೆ. ಕನ್ನಡದಲ್ಲಿ ವೆಬ್ ಕೆಲಸ ಮಾಡಿದವರಿಗೆ ಈ ನೋಟ ಹೊಸದಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ 2004ರಲ್ಲಿ ನನಗೆ ಗೊತ್ತಿದ್ದವರೆಲ್ಲ ಟೈಪ್ ಮಾಡುತ್ತಿದ್ದದ್ದು 'ನುಡಿ' ಅನ್ನುವ ತಂತ್ರಾಂಶದಲ್ಲಿ, ಇಲ್ಲಾ 'ಬರಹ' ಅನ್ನುವುದರಲ್ಲಿ. ಆಗಿನ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಅಂತ ಇದ್ದ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಮಾವನ ಸೈಟಿನಲ್ಲಿ 'ಕನ್ನಡ' ಅಂತ ಇದ್ದ ಕಡೆ ಇವತ್ತು ಕಂಡದ್ದು ಇಷ್ಟು: ಒಂದು ಪಿ, ತಲೆ ಮೇಲೆ ಓರೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಎಸ್ಸು, ಸಣ್ಣ ಕ್ಯೂ, ಮತ್ತೆ ಅದೇ ಎ. ಪೌಂಡ್ ಗುರುತು ಅಂದರೆ ನಮ್ಮ 'ನ'. ಗೂಗಲ್ಲಿಗೆ ಇದು ಹೇಗೆ ಗೊತ್ತಾಗಬೇಕು? ಇಪ್ಪತ್ತು ವರ್ಷ 'ಮೇಳಿ' ಅಂತ ಹುಡುಕಿದ ಒಬ್ಬನಿಗೂ ಮಾವನ ಪುಟ ಸಿಕ್ಕಿರಲಿಕ್ಕಿಲ್ಲ.

ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಈಗ ಬೇಕಾದಷ್ಟಿವೆ. ಒಂದಕ್ಕೆ ಹಾಕಿದೆ. ಮುಕ್ಕಾಲು ಪಾಲು ಚೆನ್ನಾಗಿಯೇ ಬಂತು. ಆದರೆ ನಡುನಡುವೆ 'ವರ್ಷ' ಹೋಗಿ 'ವಷರ್' ಆಗಿತ್ತು. 'ಸೂರ್ಯ' ಹೋಗಿ 'ಸೂಯರ್'. ಮಾವನ ಮುಖ ನೋಡಬೇಕಿತ್ತು. ಮೇಷ್ಟ್ರಲ್ವಾ, ಕೆಂಪು ಪೆನ್ನು ಹುಡುಕಲು ಜೇಬಿಗೆ ಕೈ ಹೋಗಿತ್ತು.

ಇದು ಯಾಕೆ ಆಗುತ್ತದೆ ಅಂತ ನನಗೆ ಗೊತ್ತಿತ್ತು, ಅರ್ಧ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತದೆ. ಅಂದರೆ ಅಕ್ಷರ ಮುಗಿದ ಮೇಲೆ, ಪಕ್ಕದಲ್ಲಿ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಜಾಗದಲ್ಲಿರುತ್ತದೆ, ಅಂದರೆ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಎತ್ತಿಡಬೇಕು. ಸಾಮಾನ್ಯವಾಗಿ ಎತ್ತಿಡುತ್ತದೆ ಕೂಡ. ಹಾಗಾದರೆ ಇಲ್ಲಿ ಮಾತ್ರ ಏನು ರೋಗ? ಸೋರ್ಸ್ ತೆಗೆದು 'ವರ್ಷ' ಇದ್ದ ಸಾಲಿಗೆ ಹೋದೆ. 'ವಷ' ಮುಗಿದ ಕೂಡಲೇ ಬೋಲ್ಡ್ ಟ್ಯಾಗ್ ಮುಚ್ಚಿತ್ತು. ಅರ್ಕಾವತ್ತು ಟ್ಯಾಗಿನ ಆಚೆ ಒಂಟಿಯಾಗಿ ನಿಂತಿತ್ತು.

ಎಡಿಟರ್ ಮಾಡಿದ ಕಿತಾಪತಿ ಅಂತ ಬೈದುಕೊಳ್ಳಲು ಹೊರಟವನು ಸುಮ್ಮನಾದೆ. ಇದು ನನ್ನ ಕೈಯದೇ ಕೆಲಸ. 2004ರಲ್ಲಿ ಆ ಪದವನ್ನು ದಪ್ಪ ಮಾಡಲು ಮೌಸ್ ಎಳೆದಾಗ ಕೊನೆಯ ತುಂಡಿನವರೆಗೆ ಎಳೆದಿರಲಿಲ್ಲ. ಅರ್ಕಾವತ್ತು ಒಂದು ಚೂರು ತೆಳ್ಳಗೆ ಉಳಿಯಿತು, ಸ್ಕ್ರೀನಿನಲ್ಲಿ ಯಾರಿಗೂ ಕಾಣಲಿಲ್ಲ. ಫೈಲಿನಲ್ಲಿ ಮಾತ್ರ ಇಪ್ಪತ್ತು ವರ್ಷ ಹಾಗೇ ಕೂತಿತ್ತು. ಇಂಥವು 47 ಸಿಕ್ಕವು. ಒಂದೊಂದಾಗಿ ಕೈಯಲ್ಲೇ ತಿದ್ದಿದೆ. ಮಾವ ಓದುತ್ತಾ ಹೋದರು, ನಾನು ಹುಡುಕುತ್ತಾ ಹೋದೆ. ಬೆಳಿಗ್ಗೆ ಪೂರ್ತಿ ಅದರಲ್ಲೇ ಹೋಯಿತು. ಹೇಳಬೇಕೆಂದರೆ ಖುಷಿಯಾಗಿತ್ತು.

ಊಟದ ಹೊತ್ತಿಗೆ ನನ್ನ ವಾದ ಗೆದ್ದಂತೆ ಅನ್ನಿಸಿತು. ನೋಡಿ ಮಾವ, ವಿಶುವಲ್ ಅಂದರೆ ಇದೇ ಕಷ್ಟ, ಕಾಣುವುದೊಂದು ಒಳಗಿರುವುದೊಂದು, ಕೈಯಲ್ಲಿ ಬರೆದರೆ ಏನಿದೆಯೋ ಅದೇ ಇರುತ್ತದೆ, ಮೊದಲಿನಿಂದಲೂ ವೆಬ್ ಅಂದರೆ ಕೈಬರಹವೇ ಅಂತ ಭಾಷಣ ಬಿಗಿದೆ. ಕೊನೆಯ ಮಾತು ಸುಳ್ಳು ಅಂತ ಆಡುವಾಗಲೇ ಗೊತ್ತಿತ್ತು. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1990ರಲ್ಲಿ ನೆಕ್ಸ್ಟ್ ಕಂಪ್ಯೂಟರಿನ ಮೇಲೆ ಬರೆದ ಮೊದಲ ಬ್ರೌಸರ್, ಎಡಿಟರ್ ಕೂಡ ಆಗಿತ್ತು. ಓದುತ್ತಿರುವ ಪುಟದಲ್ಲೇ ಟೈಪ್ ಮಾಡಬಹುದಿತ್ತು. ಜನ ಕೂತು ಟ್ಯಾಗ್‌ಗಳನ್ನು ಕೈಯಲ್ಲಿ ಬರೆಯುತ್ತಾರೆ ಅಂತ ಆತ ಅಂದುಕೊಂಡೇ ಇರಲಿಲ್ಲ. ಉಳಿದ ಕಂಪ್ಯೂಟರುಗಳಿಗೆ ಬಂದ ಬ್ರೌಸರ್‌ಗಳು ಬರೀ ಓದುವುದಕ್ಕಷ್ಟೇ ಆಗಿದ್ದರಿಂದ ನಮ್ಮಂಥವರು ನೋಟ್‌ಪ್ಯಾಡ್ ಹಿಡಿದೆವು. ಆಮೇಲೆ 1997ರ ಕೊನೆಯಲ್ಲಿ ಮ್ಯಾಕ್ರೋಮೀಡಿಯಾ ಕಂಪನಿಯ ಡ್ರೀಮ್‌ವೀವರ್ ಅನ್ನುವ ವಿಶುವಲ್ ಎಡಿಟರ್ ಬಂದಾಗ ಅದರ ದೊಡ್ಡ ಹೆಗ್ಗಳಿಕೆಯೇ ನೀವು ಕೈಯಲ್ಲಿ ಬರೆದ ಕೋಡನ್ನು ನಾವು ಕೆಡಿಸುವುದಿಲ್ಲ ಅನ್ನುವುದು. ಅಂದರೆ ಬೇರೆಯವು ಕೆಡಿಸುತ್ತಿದ್ದವು ಅಂತಾಯಿತಲ್ಲ. ಇದನ್ನೆಲ್ಲ ಮಾವನಿಗೆ ಹೇಳಲಿಲ್ಲ. ವಾದದಲ್ಲಿ ಎದುರಾಳಿಗೆ ನಾವೇ ಯಾಕೆ ಕಲ್ಲು ಆರಿಸಿ ಕೊಡಬೇಕು.

ಇನ್ನೊಂದನ್ನೂ ಹೇಳಲಿಲ್ಲ. ಒಂದು ಕಲ್ಯಾಣ ಮಂಟಪಕ್ಕೆ ಕೈಯಲ್ಲೇ ಬರೆದು ಸೈಟು ಮಾಡಿಕೊಟ್ಟಿದ್ದೆ. ಬಹಳ ಅಚ್ಚುಕಟ್ಟು, ನನಗೇ ಹೆಮ್ಮೆ. ಯಾವ ಮುಹೂರ್ತ ಬುಕ್ ಆಗಿದೆ ಅನ್ನುವ ಪಟ್ಟಿ ಅದರಲ್ಲಿತ್ತು. ಮಾಲೀಕರು ರಾತ್ರಿ ಹತ್ತಕ್ಕೆ ಫೋನ್ ಮಾಡಿ "ಹದಿನೆಂಟು ಹೋಯ್ತು, ಅಳಿಸಿ" ಅನ್ನುತ್ತಿದ್ದರು. ಆರು ತಿಂಗಳು ಅಳಿಸಿದೆ. ಆಮೇಲೆ ಸದ್ದಿಲ್ಲದೆ ಬಿಲ್ಡರ್‌ಗೆ ಎತ್ತಿ ಹಾಕಿದೆ. ಈಗ ಅವರೇ ಅಳಿಸಿಕೊಳ್ಳುತ್ತಾರೆ. ಹೂವಿನ ಮಂಟಪದ ಫೋಟೊಗಳನ್ನೂ ಅವರೇ ಹಾಕುತ್ತಾರೆ, ಒಂದರ ಮೇಲೊಂದು. ನಾನು ಆ ಪುಟ ನೋಡುವುದಿಲ್ಲ.

ಅದಕ್ಕೇ ಮಧ್ಯಾಹ್ನ, ನ್ಯಾಯವಾಗಿ ಇರಲಿ ಅಂತ, ಒಂದು ಪೇಜ್ ಬಿಲ್ಡರ್‌ನಲ್ಲೂ ಮಾವನ ಪುಟ ಕಟ್ಟಿದೆ. ಹೆಸರು ಬೇಡ, ಎಲ್ಲವೂ ಹೆಚ್ಚುಕಮ್ಮಿ ಒಂದೇ. ಇಪ್ಪತ್ತು ನಿಮಿಷದಲ್ಲಿ ಪುಟ ನಿಂತಿತು, ಚೆಂದವಾಗಿಯೇ. ಸೋರ್ಸ್ ನೋಡಿದರೆ 'ಮೇಳಿ' ಅನ್ನುವ ಒಂದು ಪದ ಒಂಬತ್ತು ಡಿವ್‌ಗಳ, ಅಂದರೆ ಒಂದರೊಳಗೊಂದು ಪೆಟ್ಟಿಗೆಗಳ, ಒಳಗೆ ಮಲಗಿತ್ತು. ಶೀರ್ಷಿಕೆಯಲ್ಲಿ ಸಾಲಿನ ಎತ್ತರ 1 ಅಂತ ಇತ್ತು, ಅಂದರೆ ಅಕ್ಷರದ ಗಾತ್ರದಷ್ಟೇ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತು ಇದೆ, ಒತ್ತಿಗೂ ಕೆಳಗೆ ಇನ್ನೊಂದು ಒತ್ತು ಇರಬಹುದು. ಪೆಟ್ಟಿಗೆ ಆಚೆ ಹೋದದ್ದನ್ನು ಕತ್ತರಿಸುವ ಹಾಗೆ ಅದನ್ನು ಮಾಡಿದ್ದರು. 'ಒಕ್ಕಣೆ' ನೆತ್ತಿ ಸರಿ ಇದ್ದು ಕಾಲು ಕಳೆದುಕೊಂಡು 'ಒಕಣೆ' ಆಗಿತ್ತು. ನೋಡಿ, ನೋಡಿ ಅಂತ ಮಾವನಿಗೆ ಬೆರಳು ತೋರಿಸಿದೆ. ಎಷ್ಟು ಖುಷಿ ನನಗೆ.

"ಅದಿರಲಿ, ನಾನು ಒಂದು ಸಲ ಮಾಡ್ತೀನಿ ಕೊಡು" ಅಂತ ಮಾವ ಮೌಸ್ ಹಿಡಿದರು.

ಇಲ್ಲಿಂದ ಮುಂದಿನದ್ದು ನಾನು ಯೋಚಿಸಿಯೇ ಇರಲಿಲ್ಲ. ಬಿಲ್ಡರ್‌ನಲ್ಲಿ ಒಂದು ಪ್ಯಾರಾ ಸೇರಿಸಬೇಕಾದರೆ ಪಕ್ಕದ ಪಟ್ಟಿಯಿಂದ ಪೆಟ್ಟಿಗೆಯನ್ನು ಒತ್ತಿ ಹಿಡಿದು, ಎಳೆದು, ಸರಿಯಾದ ಕಡೆ ಗೆರೆ ನೀಲಿಯಾದಾಗ ಬಿಡಬೇಕು. ಮಾವನ ಬಲಗೈ ಎರಡು ವರ್ಷದಿಂದ ನಡುಗುತ್ತದೆ. ಕಾಫಿ ಲೋಟ ಎಡಗೈಲಿ ಹಿಡಿಯುತ್ತಾರೆ ಅಂತ ಗೊತ್ತಿತ್ತು. ಮೌಸ್ ಬಗ್ಗೆ ನನಗೆ ಹೊಳೆದಿರಲಿಲ್ಲ. ಪೆಟ್ಟಿಗೆ ಅರ್ಧ ದಾರಿಯಲ್ಲಿ ಕಳಚಿಕೊಳ್ಳುತ್ತಿತ್ತು. ಒಂದು ಸಲ ಶೀರ್ಷಿಕೆಯ ಒಳಗೆ ಬಿತ್ತು. ಇನ್ನೊಂದು ಸಲ ಫೋಟೊ ಜಾಗ ಬಿಟ್ಟು ಪುಟದ ತಳಕ್ಕೆ ಹೋಯಿತು. ಅವರು ಏನೂ ಹೇಳಲಿಲ್ಲ, ಮತ್ತೆ ಮತ್ತೆ ಎಳೆದರು. ಆರನೇ ಸಲಕ್ಕೆ ಮೌಸನ್ನು ಪಕ್ಕಕ್ಕೆ ಸರಿಸಿ, "ಇದು ನಿಮ್ಮಂಥ ಹುಡುಗರಿಗಪ್ಪಾ" ಅಂದರು.

ಬರೆಯಲು ಬಾರದವರಿಗೆ, ವಯಸ್ಸಾದವರಿಗೆ ಬಿಲ್ಡರ್ ಸುಲಭ ಅಂತ ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಸುಲಭ ಯಾರ ಕೈಗೆ ಅಂತ ಕೇಳಿಕೊಂಡಿರಲಿಲ್ಲ.

ಕೀಬೋರ್ಡಿನ ಮೇಲೆ ಅದೇ ಕೈ ಬೇರೆಯೇ. ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಮಾವನಿಗೆ ಇಪ್ಪತ್ತು ವರ್ಷದ ರೂಢಿ. ಒತ್ತು ಬೇಕಾದಾಗ ನಡುವೆ ಎಫ್ ಒತ್ತುವುದು ಬೆರಳಿಗೇ ಗೊತ್ತು, ತಲೆಗೆ ಹೋಗುವುದೇ ಇಲ್ಲ. ನಡುಗುತ್ತಲೇ ಒತ್ತುತ್ತಾರೆ, ಆದರೆ ಸರಿಯಾಗಿ ಒತ್ತುತ್ತಾರೆ. ಹಾಗಾದರೆ ಟ್ಯಾಗ್ ಕಲಿಸೋಣ ಅಂತ ಹುರುಪಿನಲ್ಲಿ ಕೂತೆ. ಎರಡು ಟ್ಯಾಗ್ ಸಾಕು. ತೆರೆದದ್ದನ್ನು ಮುಚ್ಚಬೇಕು ಅನ್ನುವುದು ಕನ್ನಡ ಮೇಷ್ಟ್ರಿಗೆ ಹೇಳಿಕೊಡಬೇಕಾ? ಆದರೆ ಎರಡನೇ ಪ್ಯಾರಾಕ್ಕೇ ಕಿರಿಕಿರಿ ಶುರುವಾಯಿತು. ನುಡಿಯಲ್ಲಿ ಇಂಗ್ಲಿಷಿಗೆ ಹೋಗಲು ಸ್ಕ್ರೋಲ್ ಲಾಕ್, ಕನ್ನಡಕ್ಕೆ ಬರಲು ಮತ್ತೆ ಸ್ಕ್ರೋಲ್ ಲಾಕ್. ಟ್ಯಾಗ್ ತೆರೆಯಲು ಎರಡು, ಮುಚ್ಚಲು ಎರಡು. ಪ್ಯಾರಾಕ್ಕೆ ನಾಲ್ಕು ಸಲ ಹೊಸಿಲು ದಾಟಿದ ಹಾಗೆ. ಒಂದು ಸಲ ಮರೆತರೆ ಟ್ಯಾಗೂ ಕನ್ನಡದಲ್ಲಿ ಬಿದ್ದು ಪುಟ ಕೆಡುತ್ತದೆ. ಕೈಬರಹದ ಕೋಡು ಎಷ್ಟು ಇಂಗ್ಲಿಷ್ ಕೀಬೋರ್ಡಿನ ಮಗು ಅಂತ ನನಗೆ ಹೊಳೆದದ್ದೇ ಇವತ್ತು. ನಾನು ಇಡೀ ದಿನ ಅದೇ ಕಡೆ ಇರುವವನು, ದಾಟುವ ಕೆಲಸವೇ ಇಲ್ಲ.

ಸಂಜೆ ಕಾಫಿ ಕುಡಿದು ರಸ್ತೆ ತನಕ ಹೋದೆವು. ಡಾಂಬರಿನ ಮೇಲೆ ರಾಗಿ ತೆನೆ ಹರಡಿದ್ದರು, ಗಾಡಿಗಳು ಹಾದು ಒಕ್ಕಣೆ ಆಗುತ್ತಿತ್ತು. ಮಾವ ನಿಂತು ನೋಡಿದರು. "ಕಣ ಹೋಯ್ತು, ಮೇಟಿ ಹೋಯ್ತು. ಇದಕ್ಕೊಂದು ಪದ ಇನ್ನೂ ಹುಟ್ಟಿಲ್ಲ ನೋಡು" ಅಂದರು. ಬಸ್ಸು ಬಂತು, ಪಕ್ಕಕ್ಕೆ ಸರಿದೆವು.

ಮನೆಗೆ ಬಂದು ಕೊನೆಗೆ ಮಾಡಿದ್ದು ಇಷ್ಟು. ಮಾವ ನುಡಿಯಲ್ಲೇ, ಯೂನಿಕೋಡ್ ಆಯ್ಕೆ ಹಾಕಿಕೊಂಡು, ಬರೀ ಟೆಕ್ಸ್ಟ್ ಫೈಲ್ ಬರೆಯುತ್ತಾರೆ. ಮೊದಲ ಸಾಲು ಶೀರ್ಷಿಕೆ. ಖಾಲಿ ಸಾಲು ಬಿಟ್ಟರೆ ಹೊಸ ಪ್ಯಾರಾ. ಬೇರೆ ಯಾವ ನಿಯಮವೂ ಇಲ್ಲ. ಇಬ್ಬರಿಗೂ ಕಾಣುವ ಒಂದು ಫೋಲ್ಡರ್‌ನಲ್ಲಿ ಉಳಿಸುತ್ತಾರೆ. ಪೈಥಾನ್ ಭಾಷೆಯಲ್ಲಿ ಬರೆದ ನನ್ನ ಪ್ರೋಗ್ರಾಂ ತುಣುಕು, ಅರವತ್ತು ಸಾಲೂ ಇಲ್ಲ, ರಾತ್ರಿ ಅದನ್ನು ಎತ್ತಿಕೊಂಡು ಟ್ಯಾಗ್ ಹಾಕಿ ಪುಟ ಮಾಡುತ್ತದೆ. ಪುಟದ ಚೌಕಟ್ಟು, ಬಣ್ಣ, ಫಾಂಟು ಎಲ್ಲ ನಾನು ಕೈಯಲ್ಲಿ ಬರೆದದ್ದು. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕು, ಹಾಗಿದ್ದೂ ನೇಗಿಲಿನ ಪುಟ ಪೂರ್ತಿ 14 ಕೆಬಿ. ಬಿಲ್ಡರ್ ಮಾಡಿದ್ದು ಎರಡು ಎಂಬಿ ದಾಟಿತ್ತು. ಈ ಲೆಕ್ಕವನ್ನು ಮಾವನಿಗೆ ಎರಡು ಸಲ ಹೇಳಿದೆ. "ಹೂಂ" ಅಂದರು, ಎರಡು ಸಲ.

ಇವತ್ತು ಹುಣ್ಣಿಮೆ. ಕರೆಂಟ್ ಹೋಗಿದೆ. ಇದನ್ನು ಅಂಗಳದಲ್ಲಿ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ.

ಮಂಗಳವಾರ ರಾತ್ರಿ ಸೇರಿಸಿದ್ದು:

ಬೆಂಗಳೂರಿಗೆ ಬಂದಾಯಿತು. ಮಾವ ಮೊದಲ ಫೈಲು ಹಾಕಿದ್ದಾರೆ: 'ರಸ್ತೆಯ ಮೇಲಿನ ಒಕ್ಕಣೆ'. ಪುಟ ತಾನಾಗಿ ಹುಟ್ಟಿತು. ಬೀಗುತ್ತಾ ಲಿಂಕ್ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು.

"ಏನಪ್ಪಾ, ನನ್ನ ಫೋನಲ್ಲಿ ಒಕಣೆ ಅಂತ ಬರ್ತಿದೆ?"

ತೆಗೆದು ನೋಡಿದೆ. ಶೀರ್ಷಿಕೆಗೆ ಸಾಲಿನ ಎತ್ತರ 1.1, ಮೇಲಿಂದ ಓವರ್‌ಫ್ಲೋ ಹಿಡನ್, ಅಂದರೆ ಪೆಟ್ಟಿಗೆ ದಾಟಿದ್ದನ್ನು ಕತ್ತರಿಸು ಅಂತ. ಎರಡೂ ಸಾಲು ನಾನೇ, ನನ್ನ ಕೈಯಲ್ಲೇ ಬರೆದದ್ದು. ಉದ್ದದ ಪದ ಫೋನಿನ ಅಂಚು ದಾಟದಿರಲಿ ಅಂತ ಹಾಕಿದ್ದು. 1.6 ಮಾಡಿ, ಇನ್ನೊಂದು ಸಾಲು ಅಳಿಸಿ, ಮತ್ತೆ ಕಳಿಸಿದೆ.

"ಈಗ ಕಾಲು ಬಂತು" ಅಂದರು ಮಾವ.